ಹಿತ್ತಿಲ ಕ್ಯಾಸ್ಕೇಡ್ ಹಂಬು

ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ ಹೂವನ್ನು ಬರೀ ಕಣ್ಣಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ತೆಳು ಎಸಳುಗಳನ್ನು ಒಂದರ ಮೇಲೊಂದು ಹೊದ್ದುಕೊಂಡು, ಹೆಬ್ಬೆರಳಿನ ತುದಿಯಷ್ಟಿರುವ ತಿಳಿಹಸಿರು ಹೂ ಅದು. ಬಣ್ಣದ ಬೆಡಗಿಲ್ಲ, ತಿಕ್ಕದಿದ್ದರೆ ಕಂಪೂ ಕಡಿಮೆ. ಎರಡು ಹೂ ಕಿತ್ತು ಅಂಗೈಯಲ್ಲಿಟ್ಟು ಬಿಸಿಯಾಗುವ ತನಕ ತಿಕ್ಕಬೇಕು. ಎಸಳಿನ ಬುಡದಲ್ಲಿ ಅಡಗಿದ್ದ ಹಳದಿ ಪುಡಿ, ಲುಪುಲಿನ್, ಒಡೆದು ಕೈಗೆಲ್ಲ ಅಂಟಿಕೊಳ್ಳುತ್ತದೆ. ಆಗ ಕೈಯನ್ನು ಮೂಗಿನ ಹತ್ತಿರ ತಂದರೆ, ಮೊದಲು ಚಕ್ಕೋತದ ಸಿಪ್ಪೆಯ ಘಾಟು, ಅದರ ಬೆನ್ನಿಗೇ ಹೂವಿನ ಕಂಪು, ಕೊನೆಗೆ ಪೈನ್ ಮರದ ಅಂಟು. ಇಷ್ಟು ಬಂತೆಂದರೆ ಅದು ಕ್ಯಾಸ್ಕೇಡ್ ತಳಿ.

ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ ನನ್ನ ಮನೆ. ಹಿತ್ತಿಲಲ್ಲಿ, ದಿನವಿಡೀ ಬಿಸಿಲು ಬೀಳುವ ಗೋಡೆಯ ಪಕ್ಕ, ಕ್ಯಾಸ್ಕೇಡ್ ಹಾಪ್ ಬೆಳೆಸಿದ್ದೇನೆ. ಅದರ ಹೂವಿನಿಂದ ಮನೆಯಲ್ಲೇ ಬಿಯರ್ ತಯಾರಿಸುತ್ತೇನೆ. ಬಿಯರ್‌ಗೆಂದು ನೆಟ್ಟ ಬಳ್ಳಿ ಈಗ ಬಿಯರ್‌ಗಿಂತ ಹೆಚ್ಚಾಗಿ ನನ್ನನ್ನು ಹಿಡಿದುಕೊಂಡಿದೆ.

ಹಾಪ್ ಮತ್ತು ಗಾಂಜಾ ಒಂದೇ ಮನೆತನದ ಗಿಡಗಳು. ಸಸ್ಯಶಾಸ್ತ್ರದವರು ಎರಡನ್ನೂ ಕ್ಯಾನಬೇಸಿ ಕುಟುಂಬದಲ್ಲಿಟ್ಟಿದ್ದಾರೆ. ಎರಡರಲ್ಲೂ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎರಡರಲ್ಲೂ ಬೆಲೆ ಇರುವುದು ಹೆಣ್ಣಿನ ಹೂವಿಗೆ, ಆ ಹೂವಿನ ಅಂಟಿಗೆ. ಬೀಜ ಕಟ್ಟಬಾರದೆಂದು ಎರಡನ್ನೂ ಬೆಳೆಯುವವರು ಗಂಡು ಗಿಡಗಳನ್ನು ಕಿತ್ತುಹಾಕುತ್ತಾರೆ. ಹಣ್ಣಾದ ಮಾವಿನ ವಾಸನೆಯಲ್ಲಿರುವ ಮಿರ್ಸೀನ್ ಎಂಬ ತೈಲಾಂಶ ಎರಡರಲ್ಲೂ ಧಾರಾಳವಾಗಿದೆ. ಒರೆಗಾನ್‌ನಲ್ಲಿ 2015ರಿಂದ ಮನೆಯೊಂದಕ್ಕೆ 4 ಗಾಂಜಾ ಗಿಡ ಬೆಳೆಸಲು ಕಾನೂನಿನ ಒಪ್ಪಿಗೆಯಿದೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ನಮ್ಮ ಬೀದಿಯಲ್ಲಿ ನಡೆದರೆ ಯಾವ ಬೇಲಿಯ ಹಿಂದೆ ಯಾವುದಿದೆ ಎಂದು ವಾಸನೆಯಿಂದ ಹೇಳುವುದು ಕಷ್ಟ. ಆದರೆ ಅಮಲು ತರಿಸುವ ಗಾಂಜಾದ ಅಂಶ ಹಾಪ್‌ನಲ್ಲಿ ಇಲ್ಲ. ಗಾಂಜಾ ಬುಡಕ್ಕೆ ಹಾಪ್ ಕಸಿ ಕಟ್ಟಿ ನೋಡಿದವರೂ ಇದ್ದಾರೆ. ಹಾಪ್ ಹಾಪ್ ಆಗಿಯೇ ಉಳಿಯಿತು. ಅದರ ಸೊತ್ತು ಕಹಿ ಮತ್ತು ಪರಿಮಳ, ಅಷ್ಟೇ.

ಕ್ಯಾಸ್ಕೇಡ್ ಹುಟ್ಟಿದ್ದು ನನ್ನ ಮನೆಯಿಂದ ದಕ್ಷಿಣಕ್ಕಿರುವ ಕೊರ್ವಾಲಿಸ್‌ನಲ್ಲಿ. ಅಲ್ಲಿನ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಜೊತೆಗೂಡಿ ಅಮೆರಿಕದ ಕೃಷಿ ಇಲಾಖೆ ಹಾಪ್ ತಳಿಗಳನ್ನು ಬೆಳೆಸುತ್ತಿತ್ತು. 1956ರಲ್ಲಿ ಒಂದು ಹೆಣ್ಣು ಗಿಡದಿಂದ ಬೀಜ ಆರಿಸಿದರು. ಅದರ ವಂಶದಲ್ಲಿ ಇಂಗ್ಲೆಂಡಿನ ಫಗಲ್ ಇತ್ತು, ರಷ್ಯಾದ ಸೆರೆಬ್ರಿಯಾಂಕಾ ಇತ್ತು. ತಂದೆ ಯಾರೆಂಬುದು ಗಾಳಿಗೆ ಬಿಟ್ಟ ವಿಷಯ. ಪರಾಗ ಎಲ್ಲಿಂದ ಹಾರಿಬಂತೋ ಅದೇ ತಂದೆ. ಆ ಬೀಜದ ಸಸಿಗೆ 56013 ಎಂದು ನಂಬರು ಬಿತ್ತು. ಆಗ ಅವರಿಗೆ ಬೇಕಿದ್ದದ್ದು ಬೂಜು ತುಪ್ಪಟ ರೋಗ ತಡೆದುಕೊಳ್ಳುವ, ಯುರೋಪಿನ ಸೌಮ್ಯ ಹಾಪ್‌ಗಳಿಗೆ ಬದಲಿಯಾಗಿ ನಿಲ್ಲುವ ಗಿಡ. ರೋಗ ತಡೆಯುವ ಗುಣ ಬಂತು. ಸೌಮ್ಯ ಪರಿಮಳ ಮಾತ್ರ ಬರಲಿಲ್ಲ, ಚಕ್ಕೋತದ ಘಾಟು ಬಂತು. 16 ವರ್ಷ ನಂಬರಿನಲ್ಲೇ ಬೆಳೆದ ಗಿಡವನ್ನು 1972ರಲ್ಲಿ ರೈತರಿಗೆ ಬಿಡುಗಡೆ ಮಾಡಿದರು. ರಾಜ್ಯದ ಉದ್ದಕ್ಕೂ ಹಾದುಹೋಗುವ ಕ್ಯಾಸ್ಕೇಡ್ ಪರ್ವತಸಾಲಿನ ಹೆಸರನ್ನೇ ಇಟ್ಟರು.

ದೊಡ್ಡ ಕಂಪನಿಗಳ ಬಿಯರ್‌ಗೆ ಆ ಘಾಟು ಹೆಚ್ಚು ಕಾಲ ಹೊಂದಲಿಲ್ಲ. ಅದನ್ನು ಬೇಕೆಂದು ಹುಡುಕಿಕೊಂಡು ಬಂದದ್ದು ಚಿಕ್ಕ ಬ್ರೂವರಿಗಳು. ಸ್ಯಾನ್ ಫ್ರಾನ್ಸಿಸ್ಕೊದ ಆಂಕರ್ 1975ರಲ್ಲಿ ಲಿಬರ್ಟಿ ಏಲ್‌ಗೆ ಕ್ಯಾಸ್ಕೇಡ್ ಹಾಕಿತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಜನ ಸ್ವಂತಕ್ಕೆ ಮನೆಯಲ್ಲಿ ಬಿಯರ್ ತಯಾರಿಸಲು ಅನುಮತಿ ಸಿಕ್ಕಿತು. 1980ರಲ್ಲಿ ಚೀಕೊ ಊರಿನ ಸಿಯೆರಾ ನೆವಾಡ ಕ್ಯಾಸ್ಕೇಡ್ ಹಾಕಿಯೇ ತನ್ನ ಪೇಲ್ ಏಲ್ ಕುದಿಸಿತು. ಇವತ್ತು ಬೆಂಗಳೂರಿನ ಪಬ್‌ಗಳಲ್ಲಿ ಕುಳಿತು ಪೇಲ್ ಏಲ್ ಕುಡಿಯುವವರಿಗೆ ಬರುವ ಆ ನಿಂಬೆಜಾತಿಯ ಹಣ್ಣಿನ ಪರಿಮಳದ ದಾರಿ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು 56013 ನಂಬರಿನ ಆ ಸಸಿಯೇ. ಯಾರೂ ಕೇಳದೆ ಬಂದ ಗುಣವೊಂದು ಬೇಕೆನ್ನುವ ಮೂಗುಗಳಿಗಾಗಿ ಇಷ್ಟು ಕಾಲ ಕಾದುಕೊಂಡಿತ್ತಲ್ಲ ಎಂದು ನನಗೆ ಪ್ರತಿ ಸುಗ್ಗಿಯಲ್ಲೂ ಅನ್ನಿಸುತ್ತದೆ.

ಚಳಿಗಾಲದಲ್ಲಿ ಈ ಬಳ್ಳಿ ನೆಲದ ಮೇಲೆ ಒಂದು ಕಡ್ಡಿಯೂ ಉಳಿಯದಂತೆ ಒಣಗುತ್ತದೆ. ಗೆಡ್ಡೆ ಮಾತ್ರ ಮಣ್ಣೊಳಗೆ ಜೀವ ಹಿಡಿದಿರುತ್ತದೆ. ಮಾರ್ಚ್ ಕಳೆಯುವಷ್ಟರಲ್ಲಿ ನೇರಳೆ ಬಣ್ಣದ ಚಿಗುರು ಹತ್ತಾರು ಕಡೆ ನೆಲ ಸೀಳಿಕೊಂಡು ಏಳುತ್ತದೆ. ಹುರಿಯೊಂದಕ್ಕೆ ಎರಡು ಮೂರು ಕುಡಿ ಉಳಿಸಿ ಮಿಕ್ಕಿದ್ದನ್ನೆಲ್ಲ ಕತ್ತರಿಸಬೇಕು. ಅಮ್ಮ ತಿಪಟೂರಿನಿಂದ ಬಂದಿದ್ದ ವರ್ಷ ಆ ಕುಡಿಗಳನ್ನು ಬಿಸಾಡಲು ಬಿಡಲಿಲ್ಲ. ತಿನ್ನುವಂಥದ್ದೇ ಎಂದು ನನ್ನಿಂದ ಖಾತ್ರಿ ಮಾಡಿಕೊಂಡು, ತೊಗರಿಬೇಳೆ ಜೊತೆ ಬೇಯಿಸಿ, ಕಟ್ಟು ಬಸಿದು ಬಸ್ಸಾರು ಮಾಡಿದಳು. ಕುಡಿಯಲ್ಲಿ ಹೂವಿನ ಕಹಿ ಇರುವುದಿಲ್ಲ. ಮುದ್ದೆಗೆ ಸೊಗಸಾಗಿ ಕೂಡಿತು.

ಕುಡಿ ಕಟ್ಟುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಎಲೆತೋಟದಲ್ಲಿ ಹಂಬು ಕಟ್ಟಿದ ಕೈ ಅದು.

"ಎಲೆಬಳ್ಳಿ ಆದ್ರೆ ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಮರ ಹಿಡ್ಕೊಳುತ್ತೆ. ಇದಕ್ಕೆ ಆ ಬೇರೇ ಇಲ್ವಲ್ಲೋ, ಹೆಂಗ್ ಹತ್ತುತ್ತೆ?"

"ಮುಟ್ಟಿ ನೋಡಮ್ಮ."

ಬೆರಳು ಸವರಿ ಕೈ ಹಿಂದಕ್ಕೆಳೆದಳು. "ಅಯ್ಯೋ, ಗರಗಸ ಕಣೋ ಇದು!"

ಹಾಪ್ ಬಳ್ಳಿಯ ಮೈತುಂಬ ಕೊಕ್ಕೆಯಂಥ ಬಿರುಸು ಕೂದಲು. ಅವುಗಳಿಂದ ಹುರಿಯನ್ನು ಕಚ್ಚಿಕೊಂಡು, ಸುತ್ತುತ್ತ ಏರುತ್ತದೆ. ತೋಳಿಗೆ ತಾಗಿದರೆ ಕೆಂಪು ಗೀರು ಏಳುತ್ತದೆ, ತುಂಬುತೋಳಿನ ಅಂಗಿ ಹಾಕದೆ ಬಳ್ಳಿಯ ಕೆಲಸಕ್ಕೆ ಇಳಿಯಬಾರದು. ಎರಡು ದಿನ ಸುಮ್ಮನೆ ನೋಡುತ್ತಿದ್ದ ಅಮ್ಮ ಮೂರನೇ ದಿನ, "ಎಲ್ಲಾ ಕುಡಿನೂ ಪ್ರದಕ್ಷಿಣೆನೇ ಹಾಕ್ತಿದಾವೆ, ಒಂದೂ ಆ ಕಡೆ ತಿರುಗಲ್ಲ" ಎಂದಳು. ನಿಜ. ಮೇಲಿನಿಂದ ನೋಡಿದರೆ ಹಾಪ್ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೇ. ಎಡಗಡೆಗೆ ಸುತ್ತಿ ಕಟ್ಟಿದರೆ ಬಿಚ್ಚಿಕೊಂಡು ತನ್ನ ದಾರಿಗೇ ಮರಳುತ್ತದೆ. ಹುರಿಯನ್ನು ನೋಡಿ ಅವಳಿಗೆ ಇನ್ನೂ ಸಂತೋಷವಾಯಿತು. ಅದು ತೆಂಗಿನ ನಾರಿನದು. ಅಮೆರಿಕದ ಹಾಪ್‌ನಲ್ಲಿ ಬಹುಪಾಲು ಬೆಳೆಯುವ ಯಾಕಿಮಾ ಕಣಿವೆಯಲ್ಲೂ 18 ಅಡಿ ಎತ್ತರದ ತಂತಿಗೆ ಇಳಿಬಿಡುವುದು ಇದೇ ನಾರಿನ ಹುರಿಯನ್ನು. ಶ್ರೀಲಂಕಾದಿಂದ ಹಡಗಿನಲ್ಲಿ ಬರುತ್ತದೆ.

ಜೂನ್ ತಿಂಗಳಿನ ಬಿಸಿಲಿಗೆ ಬಳ್ಳಿ ದಿನಕ್ಕೊಂದು ಗೇಣು ಬೆಳೆಯುತ್ತದೆ. ಬೆಳಿಗ್ಗೆ ಕಾಫಿ ಹಿಡಿದು ನಿಂತಾಗ ಕಿಟಕಿಯ ಅಂಚಿಗಿದ್ದ ಕುಡಿ ಮರುದಿನ ಅದನ್ನು ದಾಟಿರುತ್ತದೆ. ಇಲ್ಲಿ ಆಗ ಹಗಲು 15 ಗಂಟೆಗೂ ಹೆಚ್ಚು. ಉದ್ದ ಹಗಲಿನಲ್ಲಿ ಎತ್ತರಕ್ಕೆ ಹೋಗುವುದು, ಹಗಲು ಕುಗ್ಗತೊಡಗಿದಾಗ ಹೂವಿಗೆ ತಿರುಗುವುದು, ಇದು ಹಾಪ್‌ನ ಲೆಕ್ಕ. ತಿಪಟೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲವಾದ್ದರಿಂದ, ದೀಪ ಹಾಕಿ ಹಗಲನ್ನು ಹಿಗ್ಗಿಸದ ಹೊರತು ಅಲ್ಲಿ ಬಳ್ಳಿ ಮೊಳಕಾಲೆತ್ತರಕ್ಕೇ ಹೂಬಿಡುವ ಯೋಚನೆ ಮಾಡುತ್ತದೆ. ಭಾರತದಲ್ಲಿ ಹಾಪ್ ಬೆಳೆದಿರುವುದು ಹಿಮಾಚಲದ ಲಾಹೌಲ್‌ನಂಥ ಚಳಿ ಕಣಿವೆಯಲ್ಲಿ. ಅಮ್ಮನಿಗೆ ಗೆಡ್ಡೆ ತೆಗೆದುಕೊಂಡು ಹೋಗುವ ಆಸೆಯಿತ್ತು. ಈ ಹಗಲಿನ ಲೆಕ್ಕ ಕೇಳಿ ಬಿಟ್ಟುಕೊಟ್ಟಳು.

ನಮ್ಮದು ಮಳೆಯ ಕಣಿವೆ. ರೋಗ ತಡೆಯುವ ತಳಿಯೆಂದು ಕಣ್ಣು ಮುಚ್ಚಿ ಕೂರುವ ಹಾಗಿಲ್ಲ. ಬಳ್ಳಿ ಮೇಲೇರಿದ ಮೇಲೆ ಬುಡದ ಮೂರಡಿಯ ಎಲೆಗಳನ್ನೆಲ್ಲ ಸವರಿಬಿಡುತ್ತೇನೆ. ಹಳದಿಗಟ್ಟಿ ಗಿಡ್ಡಗೆ ನಿಂತ ಚಿಗುರು ಕಂಡರೆ ಕಿತ್ತು ದೂರ ಹಾಕುತ್ತೇನೆ. ಗಾಳಿ ಆಡಿದರೆ ಅರ್ಧ ಕಾಯಿಲೆ ಕಡಿಮೆ.

ಆಗಸ್ಟ್ ಕೊನೆಗೆ ಕಿವಿಗೂ ಕೆಲಸ ಬರುತ್ತದೆ. ಹೂವನ್ನು ಕಿವಿಯ ಹತ್ತಿರ ಹಿಸುಕಿದರೆ ಹಸಿಯಾಗಿದ್ದಾಗ ಸದ್ದಿಲ್ಲ. ಬಲಿತಿದ್ದರೆ ಒಣಕಾಗದದ ಸರಪರ ಸದ್ದು, ಬೆರಳು ಬಿಟ್ಟೊಡನೆ ಹೂ ಮತ್ತೆ ಉಬ್ಬುತ್ತದೆ. ಲುಪುಲಿನ್ ಮಾಸಲು ಹಳದಿಯಿಂದ ಗಾಢ ಹಳದಿಗೆ ತಿರುಗಿರುತ್ತದೆ. ಆಮೇಲೂ ಬಿಟ್ಟರೆ ಚಕ್ಕೋತ ಹೋಗಿ ಬೆಳ್ಳುಳ್ಳಿ ಬರುತ್ತದೆ. ಕಿತ್ತ ಹೂವನ್ನು ಸೊಳ್ಳೆಪರದೆಯ ಚೌಕಟ್ಟುಗಳ ಮೇಲೆ ಹರಡಿ, ಫ್ಯಾನ್ ಗಾಳಿಗೆ, ನೆರಳಲ್ಲಿ ಒಣಗಿಸುತ್ತೇನೆ. ಹಸಿ ಹೂವಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಹೂವಿನ ನಡುದಂಟು ಬಾಗದೆ ಲಟಕ್ಕನೆ ಮುರಿದಾಗ ಒಣಗಿತೆಂದು ಅರ್ಥ. ಕ್ಯಾಸ್ಕೇಡ್ ದಾಸ್ತಾನಿಗೆ ಆಗದ ತಳಿ. ಗಾಳಿ ತೆಗೆದ ಚೀಲದಲ್ಲಿ ಫ್ರೀಜರ್ ಸೇರಿಸದಿದ್ದರೆ ಅರ್ಧ ವರ್ಷದಲ್ಲಿ ಕಹಿಯ ಅರ್ಧ ಭಾಗ ಕಳೆದುಕೊಳ್ಳುತ್ತದೆ.

ಬಿಯರ್ ಕುದಿಸುವ ದಿನ ನನಗೆ ಅವಸರ ಆಗದು. ಮೊಳಕೆ ಬಾರ್ಲಿಯ ರಸ ಕುದಿ ಬಂದಾಗ ಮೊದಲ ಕಂತು ಹಾಪ್ ಬೀಳುತ್ತದೆ, ಅದು ಕಹಿಗಾಗಿ. ಒಂದು ಗಂಟೆಯಷ್ಟು ಹೊತ್ತು ಕುದಿದರೇ ಹಾಪ್‌ನ ಆಮ್ಲ ರೂಪ ಬದಲಿಸಿ ರಸದಲ್ಲಿ ಬೆರೆಯುವುದು. ಕ್ಯಾಸ್ಕೇಡ್‌ನಲ್ಲಿ ಈ ಆಮ್ಲ ಸುಮಾರು ಶೇಕಡಾ 4.5ರಿಂದ 7. ಮನೆಯ ಹೂವಿನಲ್ಲಿ ಎಷ್ಟಿದೆಯೆಂದು ಅಳೆಯುವ ಸಾಧನ ನನ್ನಲ್ಲಿಲ್ಲವಾದ್ದರಿಂದ ಕಹಿಗೆ ಅಂಗಡಿಯ ಅಳತೆ ಮಾಡಿದ ಹಾಪ್ ಬಳಸುತ್ತೇನೆ. ನನ್ನ ಬಳ್ಳಿಯ ಹೂವೆಲ್ಲ ಕೊನೆಯ 10 ನಿಮಿಷಕ್ಕೆ, ಒಲೆ ಆರಿಸಿದ ಗಳಿಗೆಗೆ ಮೀಸಲು. ಪರಿಮಳದ ಎಣ್ಣೆ ಹಬೆಯ ಜೊತೆ ಹಾರಿಹೋಗುವಂಥದ್ದು, ಅದಕ್ಕೆ ಹೆಚ್ಚು ಕುದಿ ಕೂಡದು. ಸುಗ್ಗಿಯ ದಿನವೇ ಕುದಿಸಿದರೆ ಹಸಿ ಹೂವನ್ನೇ ಸುರಿಯಬಹುದು, ಒಣಗಿದ್ದಕ್ಕಿಂತ ಐದಾರು ಪಟ್ಟು ತೂಕ ಬೇಕು. ವರ್ಷಕ್ಕೊಮ್ಮೆ ಮಾತ್ರ ಸಿಗುವ ಆ ಬಿಯರ್‌ನ ಹುಲ್ಲುಹಸಿರು ರುಚಿಯ ಮುಂದೆ ನನಗೆ ಬೇರೆ ಯಾವುದೂ ಬೇಡ. ಸೋಸಿ ತೆಗೆದ ಹಾಪ್ ಚರಟವನ್ನು ಮುಚ್ಚಿದ ಡಬ್ಬಕ್ಕೇ ಹಾಕುತ್ತೇನೆ. ನಾಯಿ ತಿಂದರೆ ಅದರ ಮೈ ಕಾದು ಪ್ರಾಣವೇ ಹೋಗಬಹುದು. ಬಾಟಲಿ ಕಂದು ಬಣ್ಣದ್ದೇ ಆಗಬೇಕು. ಬೆಳಕು ಬಿದ್ದರೆ ಹಾಪ್‌ನ ಕಹಿ ಒಡೆದು ದುರ್ವಾಸನೆಯ ಗಂಧಕದ ವಸ್ತುವೊಂದು ಹುಟ್ಟುತ್ತದೆ. ಗಾಂಜಾ ಹೂವಿನ ಮುಖಕ್ಕೆ ಹೊಡೆಯುವ ಘಾಟಿನಲ್ಲೂ ಅದೇ ವಸ್ತು ಇದೆಯೆಂದು 2021ರಲ್ಲಿ ರಸಾಯನಶಾಸ್ತ್ರಜ್ಞರು ತೋರಿಸಿದರು.

ಈಗ ಸಿಟ್ರಾ, ಮೊಸಾಯಿಕ್ ಎಂಬ ಹೊಸ ತಳಿಗಳ ಕಾಲ. ಮಾವು, ಅನಾನಸ್ ಎಂದು ಜೋರಾಗಿ ಕೂಗುವ ಪರಿಮಳ ಅವುಗಳದು. ಎರಡನೇ ಲೋಟಕ್ಕೇ ನನ್ನ ನಾಲಿಗೆ ಸುಸ್ತಾಗುತ್ತದೆ. ಕ್ಯಾಸ್ಕೇಡ್ ಬಾರ್ಲಿಯ ಸಿಹಿಗೂ ಜಾಗ ಬಿಟ್ಟು ತಾನೂ ಕೂರುತ್ತದೆ.

ಹೋದ ಮಾರ್ಚ್‌ನಲ್ಲಿ ಇದೇ ರಾಜ್ಯದ ಯೂಜೀನ್‌ನಲ್ಲಿರುವ ದಾವಣಗೆರೆಯ ಗೆಳೆಯನಿಗೆ ಒಂದು ಗೆಡ್ಡೆ ಅಗೆದು ಕೊಟ್ಟೆ. ಮೊಗ್ಗು ಮೇಲ್ಮುಖವಾಗಿರಲಿ, ಎರಡು ಇಂಚು ಆಳ ಸಾಕು, ನೀರು ನಿಲ್ಲಬಾರದು ಎಂದೆ. ಜುಲೈನಲ್ಲಿ ಫೋನ್ ಮಾಡಿ, "ಹೂವೇ ಇಲ್ಲಲ್ಲೋ ಮಾರಾಯ" ಎಂದು ಕೇಳಿದ. ಈ ವರ್ಷ ಬೇರಿಗೆ ಬಿಡು, ಮೂರನೇ ವರ್ಷ ನಾನೇ ಬುಟ್ಟಿ ಹಿಡಿದುಕೊಂಡು ಬರುತ್ತೇನೆ ಎಂದಿದ್ದೇನೆ.