ಮೃಗಶಿರಾ ಮಳೆಯ ಸಿಳ್ಳು

ಬಾದಾಮಿಯ ಕೆಂಪು ಬಂಡೆಗಳನ್ನು ಹೊಗಳಿದವರು ಬಹಳ. ಆ ಬಂಡೆಗಳ ಕೆಳಗೆ ಜಾಲಿ, ಬಾರಿ, ಕವಳಿ ಪೊದೆಗಳ ಕುರುಚಲು ಕಾಡಿದೆ. ಅಲ್ಲಿ ಹಾಡುತ್ತಿದ್ದ ಮಧುರಕಂಠವನ್ನು ನೆನೆಯುವವರು ಕಡಿಮೆ. ಗುಬ್ಬಿಗಿಂತ ತುಸು ಚಿಕ್ಕ ಹಕ್ಕಿ. ಗಂಡಿನ ಎದೆ-ಹೊಟ್ಟೆಯೆಲ್ಲ ಅರಿಸಿನ, ಕಪ್ಪು ರೆಕ್ಕೆಯ ಮೇಲೆ ಬಿಳಿ ಪಟ್ಟೆ.

ರೋಹಿಣಿ ಮುಗಿದು ಮೃಗಶಿರಾ ಕೂಡುವ ಹೊತ್ತಿಗೆ ಮಹಾಕೂಟದ ದಾರಿಯ ಮರಗಳಿಂದ ಅದರ ಉದ್ದನೆಯ ಸಿಳ್ಳು ಕೇಳುತ್ತಿತ್ತು. ಗಂಡು ನೆಟ್ಟಗೆ ಮೇಲಕ್ಕೆ ಚಿಮ್ಮಿ, ಬೆನ್ನಿನ ಗರಿಗಳನ್ನು ಉಬ್ಬಿಸಿಕೊಂಡು, ಹುನಗುಂದದ ಎರಿಹೊಲದ ಹತ್ತಿಯುಂಡೆಯಂತೆ ಸುತ್ತುತ್ತ ಕೊಂಬೆಗಿಳಿಯುತ್ತಿತ್ತು. ಆ ಸಿಳ್ಳು ಕಿವಿಗೆ ಬಿದ್ದರೆ ನಮ್ಮಜ್ಜಿ, "ಹೆಸರಿನ ಬೀಜ ಹೊರಗ ತಗೀರಿ" ಎನ್ನುತ್ತಿದ್ದಳು. ಈಗೀಗ ಮೃಗಶಿರಾ ಒಣಗಿಯೇ ಕಳೆದ ವರ್ಷಗಳಲ್ಲಿ ಅದೇ ದಾರಿಯಲ್ಲಿ ಬೆಳಗೆಲ್ಲ ನಡೆದರೂ ಸಿಳ್ಳಿಲ್ಲ.

ಈ ಹಕ್ಕಿಯ ಸಂಸಾರ ಮಳೆಯನ್ನೇ ನಂಬಿದ್ದು. ಹದ ಮಳೆಗೆ ಚಿಗುರು, ಚಿಗುರಿಗೆ ಹುಳು, ಹುಳುವಿಗೆ ಬಾಯ್ದೆರೆದ ಮರಿ. ಜೇಡರ ಬಲೆಯ ಎಳೆಗಳನ್ನು ಮೆತ್ತಿ ಕವಲಿನಲ್ಲಿ ಕಟ್ಟಿದ ಅದರ ಬಟ್ಟಲುಗೂಡು ಎಷ್ಟು ನಾಜೂಕು! ಮಳೆ ಮುಂದೆ ಹೋದರೆ ಹುಳುವೂ ಮುಂದೆ ಹೋಯಿತು. ಹಕ್ಕಿಗೆ ಬೆವರಿಲ್ಲ, ಬಿಸಿಲು ಏರಿದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ಆ ಉಸಿರಲ್ಲೇ ಪುಟ್ಟ ಮೈಯ ನೀರು ಆರಿಹೋಗುತ್ತದೆ. ಮರಿಗೆ ಮೇವು ತರಬೇಕಾದ ಹೊತ್ತು ನೆರಳಲ್ಲಿ ಕೂತೇ ಕಳೆಯುತ್ತದೆ.

ನೆರಳಾದರೂ ಉಳಿದಿದೆಯೇ? ಇಳಕಲ್ಲಿನ ಕೆಂಪು ಗ್ರಾನೈಟು ದೂರದ ದೇಶಗಳ ನೆಲಕ್ಕೆ ಹಾಸಾಗಿದೆ. ಕ್ವಾರಿ ತೆರೆಯುವಾಗ ಮೊದಲು ಸವರುವುದು ಗುಡ್ಡದ ಪೊದೆಗಳನ್ನೇ. ಇತ್ತ ಮಳೆಯ ಹದವೂ ತಪ್ಪಿದೆ: 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು. 2023ರಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ. ಪಂಚಾಂಗದಲ್ಲಿ ಮಳೆಗಳ ಹೆಸರುಗಳು ಮಾತ್ರ ತಪ್ಪದೆ ಬರುತ್ತವೆ.

ಕುರುಚಲು ಗುಡ್ಡಗಳನ್ನೇ ನಂಬಿದ ಇನ್ನೊಂದು ಹಾಡುಹಕ್ಕಿ ಹಳದಿ ಕೊರಳಿನ ಪಿಕಳಾರ. ನಂದಿಬೆಟ್ಟದಂಥ ಬಂಡೆಗುಡ್ಡಗಳೇ ಅದರ ನೆಲೆ; ಭಾರತದ ದಖ್ಖನ್ ಸೀಮೆ, ದಕ್ಷಿಣದ ಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಅದು ಈಗಾಗಲೇ ಸೇರಿದೆ. ಮಧುರಕಂಠ ಅಂಥ ಪಟ್ಟಿಯಲ್ಲಿಲ್ಲ, ದೇಶದಲ್ಲಿ ಇನ್ನೂ ಬೇಕಾದಷ್ಟಿದೆ. ಆದರೆ ಆ ಮಾತು ನನ್ನ ಸಂಕಟವನ್ನು ಇಳಿಸುವುದಿಲ್ಲ. ಬೇರೆ ಊರಿನ ತೋಪಿನಲ್ಲಿ ಹಾಡುವ ಹಕ್ಕಿಯಿಂದ ಮಹಾಕೂಟದ ದಾರಿಗೆ ಏನು ಬಂತು? ಅಲ್ಲಿಂದ ಇಲ್ಲಿಗೆ ಬರುವುದಕ್ಕೂ ನಡುವೆ ಪೊದೆಗಳು ಬೇಕು. ನಾವು ಅವನ್ನೇ ಕಡಿಯುತ್ತಿದ್ದೇವೆ.