ಟಪ್ಪೆಟ್ ಸದ್ದು ಮಾಡಲಿ

ಸೂರತ್ತಿನ ವರಾಛಾದಲ್ಲಿ ಹಳೇ ಎಂಜಿನ್ನಿಗೆ ಕಿವಿಗೊಡಬೇಕೆಂದರೆ ದೀಪಾವಳಿ ಬರಬೇಕು. ಮಿಕ್ಕ ದಿನಗಳಲ್ಲಿ ಕೆಳಗೆ ಎಂಬ್ರಾಯ್ಡರಿ ಮೆಷೀನು, ಮೇಲೆ ವಜ್ರ ಉಜ್ಜುವ ಘಂಟಿ, ಬೀದಿಯಲ್ಲಿ ರಿಕ್ಷಾಗಳ ಹಾರ್ನು. ಹಬ್ಬ ಹತ್ತಿರ ಬಂದದ್ದೇ ತಡ, ಹೀರಾ ಕಾರ್ಖಾನೆಗಳಿಗೆ ಬೀಗ ಬಿದ್ದು ಅಮ್ರೇಲಿ, ಭಾವನಗರ ಕಡೆಯ ಜನವೆಲ್ಲ ಬಸ್ಸು ಹತ್ತಿ ಊರಿಗೆ ಹೋಗಿಬಿಡುತ್ತಾರೆ. ಆಗ ನಾನು ಅಂಬಾಸಡರ್ ಬಾನೆಟ್ ಎತ್ತುತ್ತೇನೆ.

ನನ್ನದು ಮಾರ್ಕ್ 2, ದಾವಣಗೆರೆಯಲ್ಲಿ ಅಪ್ಪ ಓಡಿಸುತ್ತಿದ್ದದ್ದು. 2021ರಲ್ಲಿ ಬಂದ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿ ವಿಂಟೇಜ್. 2023ರ ಜನವರಿಯಲ್ಲಿ ವಡೋದರದ ಲಕ್ಷ್ಮೀವಿಲಾಸ ಅರಮನೆಯಂಗಳದಲ್ಲಿ ಮೆರೆದ ರಾಜಮಹಾರಾಜರ ಕಾರುಗಳ ಸಾಲಿನಲ್ಲಿ ಇದನ್ನು ನಿಲ್ಲಿಸುವ ಧೈರ್ಯ ನನಗಿಲ್ಲ. ಆದರೂ ಗುಜರಾತು ಅಂಬಾಸಡರಿಗೆ ಒಂದು ಲೆಕ್ಕದಲ್ಲಿ ತವರೇ. ಹಿಂದುಸ್ತಾನ್ ಮೋಟರ್ಸ್ 1942ರಲ್ಲಿ ಶುರುವಾದದ್ದು ಓಖಾ ಬಂದರಿನಲ್ಲಿ. ಬಂಗಾಳದ ಉತ್ತರಪಾಡಾಕ್ಕೆ ಹೋದದ್ದು ಆಮೇಲೆ.

ಇದರ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಮನೆತನದ್ದು. ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನೊಳಗೆ, ವಾಲ್ವ್‌ಗಳು ಮೇಲೆ ಹೆಡ್ಡಿನಲ್ಲಿ. ಕ್ಯಾಮಿನ ಉಬ್ಬು ಟಪ್ಪೆಟ್ಟನ್ನು ಎತ್ತಬೇಕು, ಟಪ್ಪೆಟ್ ಪುಶ್ ರಾಡನ್ನು, ರಾಡು ರಾಕರನ್ನು; ರಾಕರ್ ತೊನೆದು ವಾಲ್ವಿನ ತಲೆ ಒತ್ತಬೇಕು. ಇಷ್ಟು ಕೈ ಬದಲಾಗುವ ಕಡೆ ಸದ್ದು ಬರದಿದ್ದರೆ ಅದೇ ಆಶ್ಚರ್ಯ. ಎಂಜಿನ್ ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಹೆಡ್ ಫೇಸ್ ಹೊಡೆಸಿ ಮತ್ತೆ ಕೂರಿಸಿದ ಮೇಲೆ ನನ್ನದೂ ಟಿಕ್ ಟಿಕ್ ಅನ್ನತೊಡಗಿತು. ಊರಿಗೆ ಹೋಗದೆ ಉಳಿದಿದ್ದ ಮೇಲಿನ ಮನೆಯ ಕಾಕಾ ಬಾಲ್ಕನಿಯಿಂದಲೇ, “ಅವಾಜ್ ಆವೇ ಛೇ, ಭಾಯ್!” ಎಂದರು. ಸದ್ದು ಬರುತ್ತಿದೆಯಂತೆ. ಬರಲಿ ಕಾಕಾ, ಅದಕ್ಕೇ ಕಾಯುತ್ತಿದ್ದೇನೆ ಎಂದೆ.

ಮೊದಲು ಸದ್ದಿನ ಲಯ ಹಿಡಿಯಬೇಕು. ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಐಡ್ಲಿಂಗ್ 800 ಸುತ್ತು ಇದ್ದರೆ ಒಂದೊಂದು ವಾಲ್ವೂ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಬಾಯಿ ಬಿಡುತ್ತದೆ. ಅದರ ಎರಡು ಪಟ್ಟು ಬೇಗ ಬಡಿದರೆ ತಂಟೆ ಕೆಳಗೆಲ್ಲೋ ಇದೆ. ತಣ್ಣಗಿದ್ದಾಗ ಜೋರಾಗಿ ಬಡಿದು ಬಿಸಿಯಾದಂತೆ ಅಡಗಿದರೆ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟನ್ನೂ ಅನುಮಾನಿಸಬೇಕು; ಅದರ ಸೋರಿಕೆ ಟಪ್ಪೆಟ್ಟಿನ ದನಿಯನ್ನೇ ಅಣಕಿಸುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ರಾಕರ್ ಕವರಿಗೆ ಆನಿಸಿ ಹಿಡಿಯನ್ನು ಕಿವಿಗೊತ್ತಿಕೊಂಡರೆ ತಂಟೆಕೋರ ಎತ್ತ ಕಡೆ ಇದ್ದಾನೆಂದು ಗೊತ್ತಾಗುತ್ತದೆ. ಇದಕ್ಕಿಂತ ದುಬಾರಿ ಸಾಧನ ಕೊಳ್ಳುವ ಆಸೆ ನನಗೆ ಹುಟ್ಟಿಲ್ಲ.

ಆಮೇಲೆ ನನಗೆ ಇಷ್ಟದ ಭಾಗ. ಪ್ಲಗ್ಗುಗಳನ್ನು ಬಿಚ್ಚಿ, ಮುಂದಿನಿಂದ ಹ್ಯಾಂಡಲ್ ಹಾಕಿ, ಎಂಜಿನ್ನನ್ನು ಕೈಯಲ್ಲೇ ನಿಧಾನ ತಿರುಗಿಸುವುದು. 8ನೇ ವಾಲ್ವ್ ಪೂರ್ತಿ ಒತ್ತಿಕೊಂಡಾಗ 1ನೆಯದರ ಸಂದು ಅಳೆಯಬೇಕು, 7 ಒತ್ತಿಕೊಂಡಾಗ 2ನೆಯದರದು. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. ಸಂದು ಅಂಗುಲದ ಸಾವಿರದಲ್ಲಿ 15 ಭಾಗ ಇರಬೇಕು, ಸುಮಾರು 0.38 ಮಿಲಿಮೀಟರ್. ಫೀಲರ್ ಗೇಜಿನ ಪಟ್ಟಿ ಒಳಗೆ ಹೋಗುವಾಗ ಬೆರಳಿಗೆ ಎಣ್ಣೆಯ ಜಿಗುಟಿನಷ್ಟು ಹಿಡಿತ ಸಿಕ್ಕರೆ ಸರಿ.

ನನ್ನ ಎಂಟೂ ವಾಲ್ವ್‌ಗಳು 15ಕ್ಕೆ ಸರಿಯಾಗಿದ್ದವು, ಟಿಕ್ ಟಿಕ್ ಮಾತ್ರ ನಿಲ್ಲಲಿಲ್ಲ. ಕಾಕಾ ಕೆಳಗಿಳಿದು ಬಂದರು. ಜೀವಮಾನವೆಲ್ಲ ವಜ್ರ ಉಜ್ಜಿದವರು. ಜೇಬಿನಲ್ಲಿ ಹತ್ತು ಪಟ್ಟು ಹಿಗ್ಗಿಸಿ ತೋರುವ ಲೂಪ್ ಈಗಲೂ ಇರುತ್ತದೆ. ಬಿಚ್ಚಿಟ್ಟ ರಾಕರ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು 3ನೆಯದನ್ನು ಪಕ್ಕಕ್ಕಿಟ್ಟರು. ವಾಲ್ವಿನ ತಲೆ ಒತ್ತುವ ಆ ನುಣುಪು ಮುಖದ ನಡುವೆ, ವಾಲ್ವಿನ ಕಾಂಡದಷ್ಟೇ ಅಗಲದ ತಗ್ಗು. ಗೇಜಿನ ಚಪ್ಪಟೆ ಪಟ್ಟಿ ಆ ಹಳ್ಳವನ್ನು ಮುಟ್ಟದೆ ಸೇತುವೆಯ ಹಾಗೆ ಮೇಲೇ ಹಾದುಹೋಗುತ್ತಿತ್ತು. ಪಟ್ಟಿ 15 ಎಂದರೂ ಹಳ್ಳದ ಆಳ ಸೇರಿ ನಿಜವಾದ ಸಂದು ಅದಕ್ಕಿಂತ ಜಾಸ್ತಿ. ಡಯಲ್ ಗೇಜ್ ಕೂರಿಸಿ ರಾಕರನ್ನು ಅಲ್ಲಾಡಿಸಿದರೆ ಸುಳ್ಳು ಹೊರಬೀಳುತ್ತದೆ. ರಾಕರ್ ಬದಲಾಯಿಸಿದೆ, ಸದ್ದು ಅಡಗಿತು.

ಇಷ್ಟಕ್ಕೆ ಸಂತೋಷಪಡುವವರು ಪಡಲಿ. ನನಗೆ ಅಂಜಿಕೆ ಸದ್ದಿಲ್ಲದ ವಾಲ್ವ್‌ಗಳದ್ದು. ಈ ಹೆಡ್ಡಿನಲ್ಲಿ ನಡುವಿನ 4 ಮತ್ತು 5 ಎರಡೂ ಎಗ್ಸಾಸ್ಟ್. ಅಕ್ಕಪಕ್ಕ ಕೂತು ಒಂದೇ ದಾರಿಯಲ್ಲಿ ಬೆಂಕಿ ಉಗುಳುತ್ತವೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಎರಕದ ಕಬ್ಬಿಣದ ಸೀಟುಗಳನ್ನು ಕಾಯುತ್ತಿತ್ತು. 2000ದಲ್ಲಿ ದೇಶವೆಲ್ಲ ಸೀಸರಹಿತವಾಯಿತು. ಊರಿನ ಗಾಳಿಗೆ ಒಳ್ಳೆಯದೇ ಆಯಿತು, ಹಳೇ ಸೀಟಿಗೆ ಆಸರೆ ತಪ್ಪಿತು. ಜೋರಾಗಿ ಓಡಿಸಿದಂತೆ ಸೀಟು ಸವೆದು ವಾಲ್ವ್ ಹೆಡ್ಡಿನೊಳಕ್ಕೆ ಕುಸಿಯುತ್ತದೆ, ಕಾಂಡ ಮೇಲಕ್ಕೇರಿ ಸಂದು ಮುಚ್ಚುತ್ತದೆ. ಸಂದೇ ಇಲ್ಲದ ಮೇಲೆ ಸದ್ದೆಲ್ಲಿ? ಎಂಜಿನ್ ಬೆಣ್ಣೆಯಂತೆ ಓಡುತ್ತಿದೆ ಎಂದು ಹೊಗಳುವ ಹೊತ್ತಿಗೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಅಂಚು ಸುಡುತ್ತಿರುತ್ತದೆ. ಎಂಜಿನ್ ಬಿಚ್ಚಿಸಿದ ಮೇಲೆ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿದಾಗಲೂ ಗ್ಯಾಸ್ಕೆಟ್ ಅಮುಕಿಕೊಂಡು ಸಂದು ಕಿರಿದಾಗುತ್ತದೆ. ಟಪ್ಪೆಟ್ ಮತ್ತೆ ಸೆಟ್ ಮಾಡದೆ ಗಾಡಿ ಹೊರಗೆ ತೆಗೆಯಬಾರದು.

ಹೀಗಾಗಿ ಸದ್ದಡಗಿದ ಮೇಲೆ ವ್ಯಾಕ್ಯೂಮ್ ಗೇಜ್ ಸಿಕ್ಕಿಸುತ್ತೇನೆ. ಸಮುದ್ರಮಟ್ಟದ ಸೂರತ್ತಿನಲ್ಲಿ ಮುಳ್ಳು 17ರಿಂದ 21 ಅಂಗುಲದ ನಡುವೆ ಅಲ್ಲಾಡದೆ ನಿಲ್ಲಬೇಕು. ದಾವಣಗೆರೆಯ ಎತ್ತರಕ್ಕೆ ಎರಡಂಗುಲ ಕಮ್ಮಿ. ತಾಳ ತಪ್ಪದೆ ಒಂದೇ ಕಡೆ ಕುಸಿದು ಏಳುತ್ತಿದ್ದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಆಗ ಕಂಪ್ರೆಷನ್ ನೋಡಿ, ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವ್.

ನನ್ನ ಮುಳ್ಳು ನೆಟ್ಟಗೆ ನಿಂತಿದೆ. ಆದರೂ 5ನೆಯದರ ಸಂದು ಹೋದ ವರ್ಷಕ್ಕಿಂತ ಕೂದಲೆಳೆಯಷ್ಟು ಕಿರಿದು. ಮುಂದಿನ ಸಲ ಹೆಡ್ ಇಳಿಸಿದಾಗ ಎಗ್ಸಾಸ್ಟ್ ಸೀಟುಗಳನ್ನು ಕೊರೆಸಿ ಗಟ್ಟಿ ಉಕ್ಕಿನ ರಿಂಗು ಕೂರಿಸಬೇಕು. ಅಲ್ಲಿಯವರೆಗೆ ಕಾಕಾ ಬಾಲ್ಕನಿಯಿಂದ ದೂರುತ್ತಿದ್ದರೆ ಸಾಕು.