ಹಿಟ್ಟಿನ ಕೋಳಿ, ಸೀಸದ ಸೈನಿಕ

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯದ ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತಗಳ ಶಿಲ್ಪಗಳಿವೆ. ಅಲ್ಲಿಯ ಶಿಲಾಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ.

ಆ ಶಿಲ್ಪಗಳ ಮುಂದೆ ತರುಣನೊಬ್ಬನು ನಿಂತಿದ್ದನು. ಮೇಜಿನ ಮೇಲೆ ಮರಳು ಹರಡಿ, ಬೆರಳುದ್ದದ ಸೀಸದ ಸೈನಿಕರಿಂದ ಸೂಡಾನಿನ 1898ರ ಓಮ್ದುರ್ಮಾನ್ ಯುದ್ಧವನ್ನು ಆಡುವುದು ಅವನ ಹವ್ಯಾಸ. ದಾಳ ಉರುಳಿದಂತೆ ಬೊಂಬೆಗಳು ಉರುಳುತ್ತವೆ, ಯಾರಿಗೂ ನೋವಿಲ್ಲ. ಆದರೆ ಅಂದು ಫಿರಂಗಿ, ಮೆಷಿನ್‌ಗನ್ನುಗಳಿಗೆ ಕೆಲವೇ ಗಂಟೆಗಳಲ್ಲಿ ಬಲಿಯಾದ ಸೂಡಾನಿಯರು 10,000ಕ್ಕೂ ಹೆಚ್ಚು. ಬ್ರಿಟಿಷರ ಪಕ್ಷದಲ್ಲಿ ಮಡಿದವರು 50ರ ಆಸುಪಾಸು.

ಇದೇ ಜನ್ನನ ‘ಯಶೋಧರ ಚರಿತೆ’ಯಲ್ಲಿ ಅರಸನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಕೋಳಿಗೆ ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪಕ್ಕೆ ಇತ್ತು. ಅವನು ಪ್ರಾಣಿಜನ್ಮಗಳಲ್ಲಿ ತೊಳಲಿದನು. ಹಾಗಾದರೆ ಆಟವೂ ಹಿಂಸೆಯೇ? ಆಡುವವನಿಗೆ ಕೊಲ್ಲುವ ಬಯಕೆಯಿಲ್ಲ, ನಿಜ. ಆದರೂ ಬೊಂಬೆಗಳು ಸಾಲುಸಾಲಾಗಿ ಬಿದ್ದಾಗ ತನ್ನಲ್ಲಿ ಉಕ್ಕುತ್ತಿದ್ದ ಹರ್ಷ ಯಾವುದರದು ಎಂಬ ಪ್ರಶ್ನೆಯಿಂದ ತರುಣನು ತಪ್ಪಿಸಿಕೊಳ್ಳಲಾರದೆ ಹೋದನು.

ಮನೆಗೆ ಮರಳಿ ಅವನು ಬೊಂಬೆಗಳನ್ನು ಎಸೆಯಲಿಲ್ಲ. ಆಟ ಮುಗಿದಾಗಲೆಲ್ಲ ಅಂದು ನಿಜವಾಗಿ ಸತ್ತವರ ಸಂಖ್ಯೆಯನ್ನು ಜೊತೆಗಾರರಿಗೆ ಹೇಳತೊಡಗಿದನು. ಗೆದ್ದವರ ಕೇಕೆ ತಾನಾಗಿ ತಗ್ಗಿತು.